ರೈಸ್ ಮಿಲ್ಲಿನ ಕಾಟಾಕ್ಕೆ ಹ್ಯಾಸ್ಕೆಲ್: ನನ್ನ ಅನುಭವ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಏಕಕಾಲಕ್ಕೆ ಹಲವು ಕೆಲಸ ನಡೆಸುವುದು ಕಷ್ಟ ಎನ್ನುವವರು ಸಾಮಾನ್ಯವಾಗಿ ಕಷ್ಟವಿಲ್ಲದ ಕಡೆಗೇ ಬೆರಳು ತೋರಿಸುತ್ತಾರೆ. ಲಾಕು (ಒಬ್ಬರು ಮುಗಿಸುವವರೆಗೆ ಉಳಿದವರನ್ನು ತಡೆಯುವ ಬೀಗ), ಡೆಡ್‌ಲಾಕು (ಒಬ್ಬರಿಗಾಗಿ ಒಬ್ಬರು ಕಾದು ಎಲ್ಲರೂ ನಿಂತುಹೋಗುವುದು), ಇಬ್ಬರು ಒಂದೇ ಲೆಕ್ಕಕ್ಕೆ ಕೈಹಾಕಿ ಕೆಡಿಸುವುದು ಬೇರೆ ಭಾಷೆಗಳಲ್ಲಿ ನಿದ್ದೆಗೆಡಿಸುವ ಸಂಗತಿಗಳು. ಇಲ್ಲಿ ಅವುಗಳಿಗಾಗಿ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ನನ್ನ ಹೊತ್ತನ್ನೆಲ್ಲ ತಿಂದದ್ದು ಬೇರೆ ಎರಡು ಪ್ರಶ್ನೆಗಳು: ಈ ಲೆಕ್ಕವನ್ನು ನಿಜವಾಗಿ ಯಾವ ಥ್ರೆಡ್ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳಲ್ಲಿ ಒಂದು) ಮಾಡುತ್ತಿದೆ? ಸಿ ಭಾಷೆಯ ಕೋಡ್‌ನೊಳಗೆ ಹೊಕ್ಕ ಥ್ರೆಡ್ ಹೊರಬರುವವರೆಗೆ ಯಾರು ಯಾರು ಕಾಯುತ್ತಿದ್ದಾರೆ?

ಕೆಲಸ ಇಂಥದ್ದು. ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬಂದಾಗ ರೈಸ್ ಮಿಲ್‌ಗಳ ಮುಂದೆ ಟ್ರ್ಯಾಕ್ಟರ್, ಲಾರಿಗಳ ಸಾಲು ರಸ್ತೆಯವರೆಗೂ ನಿಲ್ಲುತ್ತದೆ. ಪ್ರತಿ ಗಾಡಿಯೂ ಎರಡು ಸಲ ಕಾಟಾ ಹತ್ತಬೇಕು. ಮೊದಲು ತುಂಬಿದ ತೂಕ, ಹಮಾಲರು ಮಾಲು ಇಳಿಸಿದ ಮೇಲೆ ಖಾಲಿ ತೂಕ. ವ್ಯತ್ಯಾಸವನ್ನು 75 ಕೆ.ಜಿ. ಚೀಲದ ಲೆಕ್ಕಕ್ಕೆ ತಂದು ದರ ಕಟ್ಟುತ್ತಾರೆ. ಎರಡು ಕಾಟಾಗಳ ತೂಕ ತೋರಿಸುವ ಪೆಟ್ಟಿಗೆಗಳಿಂದ ಸೀರಿಯಲ್ ಕೇಬಲ್ಲಿನಲ್ಲಿ ಬರುವ ಅಂಕಿ ಓದಬೇಕು, ಡ್ರೈಯರ್‌ಗಳ ತಾಪಮಾನ ಓದಬೇಕು, ಭತ್ತದ ತೇವಾಂಶ ಮಾಪಕವನ್ನು ಓದಬೇಕು, ಚೀಟಿ ಮುದ್ರಿಸಬೇಕು, ಮಾಲೀಕರ ಮೊಬೈಲಿಗೆ ಲೆಕ್ಕ ಕಳಿಸಬೇಕು. ಇಷ್ಟೂ ನಾಲ್ಕು ಕೋರ್‌ಗಳ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕಾಟಾದ ಕೋಣೆಯಲ್ಲಿ ಎಲ್ಲದರ ಮೇಲೂ ಧೂಳು, ಕಂಪ್ಯೂಟರಿನ ಮೇಲೂ.

ಪ್ರತಿ ಕೇಬಲ್ಲಿಗೊಂದು, ಪ್ರತಿ ಡ್ರೈಯರಿಗೊಂದು, ಪ್ರತಿ ಪರದೆಗೊಂದು ಥ್ರೆಡ್ ಬಿಟ್ಟಿದ್ದೇನೆ. ಇದರಲ್ಲಿ ಜಿಪುಣತನ ಬೇಕಿಲ್ಲ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರಿನ ಥ್ರೆಡ್‌ಗಳು ಆಪರೇಟಿಂಗ್ ಸಿಸ್ಟಮ್ಮಿನ ಥ್ರೆಡ್‌ಗಳಲ್ಲ. ಒಂದರ ಸ್ಟ್ಯಾಕ್ (ಥ್ರೆಡ್ಡಿನ ಸ್ವಂತ ಮೆಮೊರಿ) ಆರಂಭದಲ್ಲಿ ಸುಮಾರು 1 ಕಿಲೋಬೈಟ್ ಮಾತ್ರ. ಸೀರಿಯಲ್ ಪೋರ್ಟಿನಲ್ಲಿ ಏನೂ ಬರದಿದ್ದಾಗ ಆ ಥ್ರೆಡ್ ಬದಿಗೆ ಸರಿಯುತ್ತದೆ, ಅಂಕಿ ಬಂದ ಸುದ್ದಿಯನ್ನು ಲಿನಕ್ಸ್‌ನ ಇಪೋಲ್ ತಿಳಿಸಿದಾಗ ಎದ್ದು ಬರುತ್ತದೆ. ಹೀಗಾಗಿ ಕೋಡ್ ಮೇಲಿನಿಂದ ಕೆಳಕ್ಕೆ ನೇರವಾಗಿ ಓದಿಸಿಕೊಂಡು ಹೋಗುತ್ತದೆ. ‘ಅಂಕಿ ಬಂದಾಗ ಇದನ್ನು ಕರೆ’ ಎಂದು ಮೊದಲೇ ಒಪ್ಪಿಸಿಡುವ ಕಾಲ್‌ಬ್ಯಾಕ್‌ಗಳ ಜೇಡರ ಬಲೆ ಇಲ್ಲ.

ಹಂಚಿಕೊಳ್ಳುವ ಸ್ಥಿತಿಗೆಲ್ಲ ಎಸ್‌ಟಿಎಂ (ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿ) ಬಳಸಿದೆ. 2005ರಲ್ಲಿ ಟಿಮ್ ಹ್ಯಾರಿಸ್, ಸೈಮನ್ ಮಾರ್ಲೋ, ಸೈಮನ್ ಪೇಟನ್ ಜೋನ್ಸ್, ಮಾರಿಸ್ ಹರ್ಲಿಹಿ ಪ್ರಬಂಧವೊಂದರಲ್ಲಿ ಮಂಡಿಸಿದ ರೂಪ ಅದು. ಹಲವು ಟಿವಾರ್‌ಗಳನ್ನು (ಥ್ರೆಡ್‌ಗಳು ಹಂಚಿಕೊಳ್ಳುವ ಮೌಲ್ಯ ಇಡುವ ಜಾಗಗಳು) ಓದಿ, ಬರೆದು, ಇಡೀ ವ್ಯವಹಾರವನ್ನು (ಟ್ರಾನ್ಸಾಕ್ಷನ್) ಒಂದೇ ಏಟಿಗೆ ದಾಖಲಿಸುತ್ತದೆ. ನಡುವೆ ಇನ್ನೊಬ್ಬರು ಕೈಹಾಕಿದ್ದರೆ ಮೊದಲಿನಿಂದ ಮತ್ತೆ ನಡೆಸುತ್ತದೆ. ಅದರ ನಿಜವಾದ ಬೆಲೆ ನನಗೆ ಗೊತ್ತಾದದ್ದು ಕಾಯುವ ಕೆಲಸದಲ್ಲಿ. ಲಾರಿ ಕಾಟಾ ಹತ್ತಿದ ಮೇಲೆ ಡ್ರೈವರ್ ಇಳಿದು ಬಾಗಿಲು ಬಡಿಯುವವರೆಗೆ ಅಂಕಿ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ತೂಕ ನಿಲ್ಲಬೇಕು, ಇಲ್ಲವೇ ಆಪರೇಟರ್ ರದ್ದು ಒತ್ತಬೇಕು, ಇಲ್ಲವೇ ಅರ್ಧ ನಿಮಿಷ ಕಳೆಯಬೇಕು. ಮೂರರಲ್ಲಿ ಮೊದಲು ಆದದ್ದಕ್ಕೆ ತಕ್ಕಂತೆ ಮುಂದಿನ ಹೆಜ್ಜೆ. ಪ್ರತಿಯೊಂದನ್ನೂ ‘ಆಗಿಲ್ಲದಿದ್ದರೆ ರೀಟ್ರೈ’ (ಏನಾದರೂ ಬದಲಾಗುವವರೆಗೆ ಕಾದು ಮತ್ತೆ ನೋಡು) ಎಂದು ಬೇರೆ ಬೇರೆಯಾಗಿ ಬರೆದು, ‘ಇಲ್ಲವೇ’ ಎಂಬ ಅರ್ಥದ ‘ಆರ್‌ಎಲ್ಸ್’ನಿಂದ ಜೋಡಿಸಿದರೆ ಮುಗಿಯಿತು. ಗಡಿಯಾರಕ್ಕೆ ‘ರಿಜಿಸ್ಟರ್‌ಡಿಲೇ’ ಇದೆ; ಹೇಳಿದ ಹೊತ್ತು ಕಳೆದ ಮೇಲೆ ಸತ್ಯವಾಗುವ ಟಿವಾರ್ ಒಂದನ್ನು ಅದು ಕೊಡುತ್ತದೆ. ಇದನ್ನೇ ಲಾಕು ಮತ್ತು ಕಂಡಿಷನ್ ವೇರಿಯಬಲ್‌ಗಳಲ್ಲಿ ಬರೆದು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ವ್ಯವಹಾರ ಎರಡನೇ ಸಲ ನಡೆಯಬಹುದು ಎಂದೆನಲ್ಲ, ಅದರೊಳಗೆ ಮುದ್ರಣದ ಆದೇಶ ಸೇರಿದ್ದರೆ ಒಂದೇ ಗಾಡಿಗೆ ಎರಡು ಚೀಟಿ ಬರುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಎರಡು ಚೀಟಿ ಎಂದರೆ ಜಗಳ ಎಂದೇ ಅರ್ಥ. ಎಸ್‌ಟಿಎಂ ಒಳಗೆ ಮುದ್ರಣ, ಫೈಲು, ನೆಟ್‌ವರ್ಕ್ ಯಾವುದನ್ನೂ ಟೈಪ್ ವ್ಯವಸ್ಥೆ ಬಿಡುವುದಿಲ್ಲ. ವ್ಯವಹಾರ ಚೀಟಿಯ ವಿವರವನ್ನು ಮಾತ್ರ ಹಿಂದಿರುಗಿಸುತ್ತದೆ, ಮುದ್ರಣ ಅದರಾಚೆ ನಡೆಯುತ್ತದೆ.

ಒಂದು ಎಚ್ಚರಿಕೆ ಬೇಕು. ನೂರಾರು ಟಿವಾರ್‌ಗಳನ್ನು ಓದುವ ಉದ್ದನೆಯ ವ್ಯವಹಾರ ಪುಟ್ಟ ಪುಟ್ಟ ವ್ಯವಹಾರಗಳ ಮುಂದೆ ಸೋಲುತ್ತಲೇ ಇರಬಹುದು. ಅದು ಮುಗಿಯುವಷ್ಟರಲ್ಲಿ ಯಾರಾದರೂ ಏನಾದರೂ ಬದಲಿಸಿರುತ್ತಾರೆ, ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಗಾಡಿಗೊಂದು ಟಿವಾರ್ ಇಡಲಿಲ್ಲ. ಇಡೀ ದಿನದ ಖಾತೆ ಒಂದೇ ಮ್ಯಾಪ್ (ಗಾಡಿಗೊಂದು ನಮೂದಿರುವ ಪಟ್ಟಿ), ಒಂದೇ ಟಿವಾರ್. ವರದಿ ಬೇಕಾದವರು ಒಮ್ಮೆ ಓದಿಕೊಂಡು ಹೊರಗೆ ಹೋಗಿ ಎಣಿಸಲಿ. ಆ ಮ್ಯಾಪ್ ಇನ್ನು ಬದಲಾಗುವುದಿಲ್ಲ, ಹೊಸ ತೂಕ ಬಂದರೆ ಹೊಸ ಮ್ಯಾಪ್ ಅದರ ಜಾಗಕ್ಕೆ ಬರುತ್ತದೆ.

ಈಗ ಕಷ್ಟಕ್ಕೆ ಬರೋಣ. ಖಾಲಿ ಕಾಟಾ ತೋರಿಸಬೇಕಾದ ಸೊನ್ನೆ ಒಂದು ದಿನದಲ್ಲಿ ಎಷ್ಟು ಸರಿಯುತ್ತದೆ ಎಂದು ತಿಳಿಯಲು, ವೇದಿಕೆ ಖಾಲಿ ಇದ್ದಾಗ ಬರುವ ಅಂಕಿಗಳನ್ನೆಲ್ಲ ಕೂಡಿಸುತ್ತಾ ಹೋಗುವ ಲೆಕ್ಕವೊಂದಿತ್ತು. ಸೆಕೆಂಡಿಗೆ ಹತ್ತು ಅಂಕಿ ಎಂದರೆ ಗಂಟೆಗೆ 36,000. ಬೆಳಗ್ಗೆ ತೆಳ್ಳಗಿದ್ದ ಪ್ರೋಗ್ರಾಂ ಸಂಜೆಗೆ ಉಬ್ಬಿರುತ್ತಿತ್ತು. ಮಾಲೀಕರು ಮೊಬೈಲಿನಲ್ಲಿ ದಿನದ ವರದಿ ಒತ್ತಿದಾಗ ಪರದೆ ಒಂದಿಷ್ಟು ಹೊತ್ತು ಖಾಲಿ ಉಳಿಯುತ್ತಿತ್ತು, ಆಮೇಲೆ ಮೆಮೊರಿ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು. ಹ್ಯಾಸ್ಕೆಲ್ ಲೇಜಿ ಭಾಷೆ. ‘ಕೂಡಿಸು’ ಎಂದರೆ ಅದು ಕೂಡಿಸುವುದಿಲ್ಲ, ಉದ್ರಿ ಖಾತೆಯಲ್ಲಿ ಬರೆದಿಡುತ್ತದೆ. ಯಾರಾದರೂ ಮೊತ್ತ ಕೇಳಿದಾಗಲೇ ವಸೂಲಿ. ಬರೆದಿಟ್ಟ ಆ ಬಾಕಿಗೆ ಥಂಕ್ ಎನ್ನುತ್ತಾರೆ. ಅಂಕಿ ಓದುವ ಥ್ರೆಡ್ ದಿನವಿಡೀ ಥಂಕ್‌ಗಳನ್ನು ಸರಪಳಿಯಾಗಿ ಕಟ್ಟುತ್ತಿತ್ತು, ದಿನದ ದುಡಿಮೆಯೆಲ್ಲ ಸಂಜೆ ವರದಿಯ ಥ್ರೆಡ್ಡಿನ ತಲೆಗೆ ಬೀಳುತ್ತಿತ್ತು.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು: ಟಿವಾರ್‌ನ ಮೌಲ್ಯ ಬದಲಿಸುವ ‘ಮಾಡಿಫೈಟಿವಾರ್’ ಬದಲು ಕೊನೆಯಲ್ಲಿ ಪ್ರೈಮ್ ಗುರುತು (') ಇರುವ ಅದರ ಸ್ಟ್ರಿಕ್ಟ್ (ಲೆಕ್ಕವನ್ನು ಆಗಲೇ ಮುಗಿಸುವ) ರೂಪ. ಅರ್ಧ ಮದ್ದು ಎನ್ನುವುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಅದು ಮೌಲ್ಯವನ್ನು ಹೊರಗಿನ ಮೊದಲ ಪದರದವರೆಗೆ ಮಾತ್ರ ಬಿಡಿಸುತ್ತದೆ. ಒಳಗಿರುವುದು ಮ್ಯಾಪ್ ಆಗಿದ್ದರೆ ಮ್ಯಾಪಿನ ಚೌಕಟ್ಟು ಸಿದ್ಧವಾಗುತ್ತದೆ, ಅದರೊಳಗಿನ ಮೊತ್ತಗಳು ಥಂಕ್‌ಗಳಾಗಿಯೇ ಉಳಿಯುತ್ತವೆ. ಮ್ಯಾಪಿನ ಸ್ಟ್ರಿಕ್ಟ್ ಮಾಡ್ಯೂಲನ್ನೇ ಬಳಸಬೇಕು, ರೆಕಾರ್ಡಿನ ಅಂಕಿಯ ಅಂಕಣಗಳಿಗೆ ಆಶ್ಚರ್ಯಸೂಚಕ ಹಾಕಿ ಸ್ಟ್ರಿಕ್ಟ್ ಮಾಡಬೇಕು. ಥ್ರೆಡ್‌ಗಳ ನಡುವೆ ದಾಟುವ ಪ್ರತಿಯೊಂದು ಡೇಟಾ ಟೈಪಿಗೂ ಈಗ ಕಣ್ಣು ಮುಚ್ಚಿ ಹಾಗೆ ಮಾಡುತ್ತೇನೆ. ಲೇಜಿತನದ ಸೊಗಸಿನ ಬಗ್ಗೆ ವಾದ ಮಾಡುವವರು ಮಾಡಲಿ, ಥ್ರೆಡ್ಡಿನ ಗಡಿಯಲ್ಲಿ ಅದು ಬೇಡ.

ಮೆಮೊರಿಗಿಂತ ಕಾಟ ಕೊಟ್ಟದ್ದು ಇದರ ಇನ್ನೊಂದು ಮುಖ. ಕರೆಂಟು ಹೋಗಿ ಜನರೇಟರ್ ಶುರುವಾಗುವ ಕ್ಷಣದಲ್ಲಿ ಡ್ರೈಯರ್‌ನ ಕೇಬಲ್ಲಿನಲ್ಲಿ ಕಸ ಬರುತ್ತದೆ. ಕೇಬಲ್ ಓದುವ ಥ್ರೆಡ್ಡಿನಲ್ಲಿ ಅದಕ್ಕೆ ತಕ್ಕ ದೋಷ ನಿರ್ವಹಣೆಯೂ ಇತ್ತು. ಆದರೂ ‘ನೋ ಪಾರ್ಸ್’ (ಬಂದದ್ದು ಅಂಕಿಯಾಗಿ ಅರ್ಥವಾಗಲಿಲ್ಲ) ಎಂಬ ದೋಷ ಕಾಣಿಸಿಕೊಂಡದ್ದು ಮೊಬೈಲ್ ವರದಿಯ ಥ್ರೆಡ್ಡಿನ ಲಾಗಿನಲ್ಲಿ, ಅದೂ ಎಷ್ಟೋ ಹೊತ್ತಿನ ನಂತರ. ಓದುವ ಥ್ರೆಡ್ ಅಂಕಿಯನ್ನು ಅರ್ಥ ಮಾಡಿಕೊಳ್ಳದೆ ‘ಅರ್ಥ ಮಾಡಿಕೊಳ್ಳಬೇಕಿದೆ’ ಎಂಬ ಥಂಕನ್ನಷ್ಟೇ ಟಿವಾರ್‌ಗೆ ಹಾಕಿತ್ತು. ಅದನ್ನು ಮೊದಲು ಮುಟ್ಟಿದವರ ಕೈಯಲ್ಲಿ ಅದು ಸಿಡಿಯಿತು. ಪರಿಹಾರ ಒಂದು ಸಾಲಿನದು: ಟಿವಾರ್‌ಗೆ ಹಾಕುವ ಮೊದಲು, ದೋಷ ಹಿಡಿಯುವ ಆವರಣದೊಳಗೇ ‘ಇವ್ಯಾಲ್ಯುಯೇಟ್’ ಕರೆದು ಲೆಕ್ಕವನ್ನು ಅಲ್ಲೇ ಮುಗಿಸುವುದು.

ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಬರಿಯ ‘ಫೋರ್ಕ್‌ಐಓ’ದಿಂದ ಹುಟ್ಟಿದ ಥ್ರೆಡ್ ದೋಷದಿಂದ ಸತ್ತರೆ ಎರರ್ ಔಟ್‌ಪುಟ್ಟಿಗೆ ಒಂದು ಸಾಲು ಬರೆದು ಸುಮ್ಮನಾಗುತ್ತದೆ, ಹುಟ್ಟಿಸಿದವನಿಗೆ ಸುದ್ದಿ ಮುಟ್ಟುವುದಿಲ್ಲ, ‘ಅಸಿಂಕ್’ ಪ್ಯಾಕೇಜಿನ ‘ವಿತ್‌ಅಸಿಂಕ್’ ಜೊತೆ ‘ವೇಟ್’ ಅಥವಾ ‘ಲಿಂಕ್’ ಬಳಸಿ. ಇಂಟರ್‌ನೆಟ್ ಹೋದಾಗ, ಮೊಬೈಲಿಗೆ ಕಳಿಸಬೇಕಾದ ಲೆಕ್ಕಗಳ ಮಿತಿಯಿಲ್ಲದ ಸರತಿ ಮೆಮೊರಿ ತುಂಬುವವರೆಗೆ ಬೆಳೆಯುತ್ತದೆ; ಮಿತಿ ಇರುವ ಸರತಿಯಾದ ‘ಟಿಬಿಕ್ಯೂ’ ಇಡಿ, ತುಂಬಿದಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಒಂದು ಥ್ರೆಡ್ ಬರೆಯಲು ತೆರೆದಿಟ್ಟ ಲಾಗ್ ಫೈಲನ್ನು ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ ಓದಲು ತೆರೆದರೆ ‘ಫೈಲ್ ಈಸ್ ಲಾಕ್ಡ್’ ಎಂಬ ಉತ್ತರ ಬರುತ್ತದೆ. ಲಿನಕ್ಸ್ ಹಾಗೆ ತಡೆಯುವುದಿಲ್ಲ. ಓದುವವರು ಎಷ್ಟಾದರೂ ಇರಲಿ, ಬರೆಯುವವನಿದ್ದರೆ ಅವನೊಬ್ಬನೇ ಎಂಬುದು ಹ್ಯಾಸ್ಕೆಲ್ ಭಾಷೆಯ ಅಧಿಕೃತ ವಿವರಣೆಯಾದ ‘ಹ್ಯಾಸ್ಕೆಲ್ ರಿಪೋರ್ಟ್’ನಲ್ಲೇ ಇರುವ ನಿಯಮ.

ಇನ್ನು ತೇವಾಂಶ ಮಾಪಕ. ಸರ್ಕಾರಿ ಖರೀದಿಗೆ ಭತ್ತದ ತೇವಾಂಶ ಶೇ 17 ಮೀರುವಂತಿಲ್ಲ, ಖಾಸಗಿ ವ್ಯಾಪಾರದಲ್ಲೂ ದರದ ಚೌಕಾಸಿ ಅದರ ಮೇಲೇ ನಡೆಯುತ್ತದೆ. ಮಾಪಕದ ಜೊತೆ ಬಂದದ್ದು ಒಂದು ಸಿ ಲೈಬ್ರರಿ. ಅದರ ಒಂದು ಫಂಕ್ಷನ್, ಮಾದರಿ ಭತ್ತವನ್ನು ಬಟ್ಟಲಿಗೆ ಸುರಿಯುವವರೆಗೆ ಒಳಗೇ ಕಾಯುತ್ತಾ ಕೂರುತ್ತದೆ.

“ಸರ್, ಲಾರಿ ಇಳಿದು ಹೋಯಿತು, ಪರದೆಯಲ್ಲಿ ತೂಕ ಇನ್ನೂ ಹಾಗೆಯೇ ನಿಂತಿದೆ” ಎಂದು ಕಾಟಾದ ಹುಡುಗ ಫೋನ್ ಮಾಡಿದ. ಇದು ಮೆಮೊರಿ ಉಬ್ಬುವಂಥ ಸಣ್ಣ ತೊಂದರೆಯಲ್ಲ. ನಿಂತ ಅಂಕಿಯ ಮೇಲೆ ಮುಂದಿನ ಟ್ರ್ಯಾಕ್ಟರ್ ಹತ್ತಿದರೆ ಯಾರದೋ ತೂಕ ಯಾರದೋ ಚೀಟಿಗೆ ಬರುತ್ತದೆ. ಮೊದಲ ಕೆಲಸವಾಗಿ ಪ್ರತಿ ಅಂಕಿಗೂ ಬಂದ ಸಮಯ ಅಂಟಿಸಿದೆ. ಒಂದು ಸೆಕೆಂಡಿಗಿಂತ ಹಳೆಯದಾದರೆ ಅಂಕಿಯ ಬದಲು ಗೆರೆ ಕಾಣಬೇಕು, ಚೀಟಿ ಹೊರಡಬಾರದು. ಅಂಕಿಯ ವಯಸ್ಸು ನೋಡುವ ಆ ಕೆಲಸವನ್ನು ಬ್ರೌಸರಿನಲ್ಲಿರುವ ಪರದೆಗೇ ಒಪ್ಪಿಸಿದೆ, ಏಕೆಂದರೆ ನಿಂತುಹೋದ ಪ್ರೋಗ್ರಾಮಿಗೆ ತಾನು ನಿಂತಿದ್ದೇನೆ ಎಂದು ಗೊತ್ತಾಗುವುದಿಲ್ಲ.

ಆಮೇಲೆ ಕಾರಣಕ್ಕೆ ಇಳಿದೆ. ಹ್ಯಾಸ್ಕೆಲ್‌ನಿಂದ ಸಿ ಲೈಬ್ರರಿಯನ್ನು ಕರೆಯುವ ಬೈಂಡಿಂಗ್‌ನಲ್ಲಿ, ಭತ್ತಕ್ಕಾಗಿ ಕಾಯುವ ಆ ಫಂಕ್ಷನ್ನಿಗೆ ‘ಅನ್‌ಸೇಫ್’ ಎಂಬ ಗುರುತಿತ್ತು. ಹಾಗೆಂದರೆ ಕರೆಯ ಖರ್ಚು ಬಹಳ ಕಡಿಮೆ. ಆದರೆ ಕರೆ ಮುಗಿಯುವವರೆಗೆ ಆ ಥ್ರೆಡ್ ತನ್ನ ಪಾಲಿನ ಕೋರನ್ನು ಬಿಟ್ಟುಕೊಡುವುದಿಲ್ಲ. ಉಳಿದ ಮೂರು ಕೋರ್‌ಗಳು ಓಡಬೇಕಲ್ಲ? ಓಡುತ್ತವೆ, ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿಯನ್ನು ಗುಡಿಸಿ ತೆಗೆಯುವ ಕೆಲಸ) ಬರುವವರೆಗೆ. ಜಿಎಚ್‌ಸಿಯಲ್ಲಿ ಅದಕ್ಕೆ ಎಲ್ಲ ಕೋರ್‌ಗಳೂ ಒಟ್ಟಿಗೆ ನಿಲ್ಲಬೇಕು. ಮೂರು ಬಂದು ನಿಲ್ಲುತ್ತವೆ, ನಾಲ್ಕನೆಯದು ಸಿ ಒಳಗೆ ಭತ್ತಕ್ಕಾಗಿ ಕಾಯುತ್ತಿದೆ, ಅಲ್ಲಿಗೆ ಎಲ್ಲವೂ ಸ್ತಬ್ಧ. ಇದನ್ನು ಹಿಡಿಯುವುದು ಕಷ್ಟವಾದದ್ದಕ್ಕೆ ಕಾರಣವೂ ಇದೇ. ಮಾಪಕದ ಗುಂಡಿ ಒತ್ತಿದ ತಕ್ಷಣ ಏನೂ ನಿಲ್ಲುವುದಿಲ್ಲ. ಯಾವುದಾದರೂ ಕೋರಿಗೆ ಹೊಸ ಡೇಟಾ ಇಡಲೆಂದು ಹಂಚಿದ ಮೆಮೊರಿ ತುಂಬಿದಾಗ ಮಾತ್ರ ನಿಲ್ಲುತ್ತದೆ. ಅದು ಹಳೆಯ ಆವೃತ್ತಿಗಳಲ್ಲಿ 1 ಮೆಗಾಬೈಟ್, 9.2ರಿಂದ ಈಚೆಗೆ 4. ಕೆಲಸ ಹೆಚ್ಚಿದ್ದಾಗ ಬೇಗ ತುಂಬುತ್ತದೆ, ಸಾಲು ಖಾಲಿ ಇದ್ದಾಗ ನಿಧಾನ. ಅದಕ್ಕೇ ಮಾಪಕವನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಪ್ರೋಗ್ರಾಂ ಓಡುವಾಗಿನ ಘಟನೆಗಳ ಇವೆಂಟ್‌ಲಾಗ್ ಬರೆಸಿ, ಅದನ್ನು ಕೋರಿಗೊಂದು ಪಟ್ಟಿಯಾಗಿ ತೋರಿಸುವ ಥ್ರೆಡ್‌ಸ್ಕೋಪಿನಲ್ಲಿ ತೆರೆದಾಗ ಮೂರು ಪಟ್ಟಿಗಳು ಒಂದೇ ಗೆರೆಯಲ್ಲಿ ಕತ್ತರಿಸಿದಂತೆ ನಿಂತಿದ್ದವು, ನಾಲ್ಕನೆಯದು ಮಾತ್ರ ಓಡುತ್ತಿದೆ ಎಂದು ತೋರಿಸುತ್ತಿತ್ತು.

ಗುರುತನ್ನು ‘ಸೇಫ್’ ಎಂದು ಬದಲಿಸಿದ ಮೇಲೆ ಪರದೆ ನಿಲ್ಲುವುದು ತಪ್ಪಿತು. ಸೇಫ್ ಕರೆಗೆ ಹೋಗುವಾಗ ಥ್ರೆಡ್ ತನ್ನ ಕೋರನ್ನು ಬೇರೆಯವರಿಗೆ ಬಿಟ್ಟು ಹೋಗುತ್ತದೆ. ನನ್ನ ನಿಯಮ ಈಗ ಸರಳ: ಕಾಯುವ ಸಾಧ್ಯತೆ ಎಳ್ಳಷ್ಟಿದ್ದರೂ ಸೇಫ್.

ತೊಂದರೆ ಅಲ್ಲಿಗೂ ಮುಗಿಯಲಿಲ್ಲ. ಮಾದರಿ ಸುರಿಯದೆ ಆಪರೇಟರ್ ಚಹಾಕ್ಕೆ ಹೋದರೆ ಕರೆಯನ್ನು ಕೈಬಿಡಲು ‘ಟೈಮೌಟ್’ ಸುತ್ತಿದ್ದೆ. ಹ್ಯಾಸ್ಕೆಲ್‌ನ ಟೈಮೌಟ್ ಎಂದರೆ ಒಂದು ಥ್ರೆಡ್ ಇನ್ನೊಂದಕ್ಕೆ ಹೊರಗಿನಿಂದ ಎಸೆಯುವ ಎಕ್ಸೆಪ್ಷನ್ (ಕೆಲಸವನ್ನು ನಡುವೆಯೇ ನಿಲ್ಲಿಸುವ ದೋಷ). ಹ್ಯಾಸ್ಕೆಲ್ ಕೋಡಿನಲ್ಲಿ ಅದು ಚೆನ್ನಾಗಿ ಮುಟ್ಟುತ್ತದೆ. ‘ಬ್ರ್ಯಾಕೆಟ್’ ಹಾಕಿದ್ದರೆ ತೆರೆದ ಪೋರ್ಟು ಮುಚ್ಚಿಯೇ ಹೊರಬರುತ್ತದೆ. ಸಿ ಒಳಗಿರುವ ಥ್ರೆಡ್ಡಿಗೆ ಮಾತ್ರ ಅದು ಮುಟ್ಟುವುದು ಕರೆ ಹಿಂದಿರುಗಿದ ಮೇಲೆಯೇ. ‘ಇಂಟರಪ್ಟಿಬಲ್’ ಎಂಬ ಮೂರನೆಯ ಗುರುತಿದೆ. ಅದು ಸಿಗ್ನಲ್ ಕಳಿಸಿ ಕಾಯುತ್ತಿರುವ ಸಿಸ್ಟಮ್ ಕರೆಯನ್ನು ಎಬ್ಬಿಸುತ್ತದೆ. ಈ ಲೈಬ್ರರಿ ಎದ್ದ ಕೂಡಲೇ ಮತ್ತೆ ಹೋಗಿ ಮಲಗುತ್ತಿತ್ತು.

ಕೊನೆಗೆ ಲೈಬ್ರರಿಯನ್ನು ಪ್ರೋಗ್ರಾಮಿನಿಂದ ಹೊರಹಾಕಿದೆ. ಮಾಪಕ ಓದಿ ಅಂಕಿಯನ್ನು ಪೈಪಿಗೆ ಬರೆಯುವ ಪುಟ್ಟ ಪ್ರತ್ಯೇಕ ಪ್ರಾಸೆಸ್ ಅದು. ಹ್ಯಾಸ್ಕೆಲ್ ಕಡೆಗೆ ಅದೂ ಒಂದು ಕೇಬಲ್ ಇದ್ದಂತೆ, ಇಪೋಲ್ ಮೂಲಕವೇ ಕಾಯುತ್ತದೆ, ಟೈಮೌಟ್ ಅಲ್ಲಿ ಸರಿಯಾಗಿ ನಡೆಯುತ್ತದೆ. ಹೊತ್ತು ಮೀರಿದರೆ ಆ ಪ್ರಾಸೆಸನ್ನೇ ಕೊಂದು ಹೊಸದನ್ನು ಹುಟ್ಟಿಸುತ್ತೇನೆ. ಅದು ಸಿ ಭಾಷೆಯಲ್ಲೇ ಇದೆ, ಒಂದೇ ಪುಟದ ಕೋಡು. ಅದನ್ನು ಹ್ಯಾಸ್ಕೆಲ್‌ಗೆ ತರುವ ಆಸೆ ನನಗಿಲ್ಲ.