ಹೆರಿಗೆಯಾದ ಕೂಡಲೇ ವಂಕಿ: ಯಾವಾಗ, ಹೇಗೆ?

"ಬಾಣಂತನ ಮುಗೀಲಿ, ಆಮೇಲೆ ನೋಡೋಣ." ವಂಕಿ ಅಂದರೆ ಕಾಪರ್-ಟಿ, ಬಸುರಾಗದಂತೆ ತಡೆಯಲು ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ. ಅದರ ಮಾತು ಬಂದಾಗ ಮನೆಯಲ್ಲಿ ಸಾಮಾನ್ಯವಾಗಿ ಹೀಗೇ ಹೇಳುತ್ತಾರೆ. ಆದರೆ ಹೆರಿಗೆಯ ನಂತರ ಮುಟ್ಟು ಶುರುವಾಗುವ ಮೊದಲೇ ಮತ್ತೆ ಬಸುರಾಗಬಹುದು.

ಹಾಗಾಗಿ ಬಸುರಿಯಿದ್ದಾಗಲೇ ತೀರ್ಮಾನ ಮಾಡಿ. ಏಳೆಂಟನೇ ತಿಂಗಳ ತಪಾಸಣೆಯಲ್ಲಿ ಕೇಳಿ, ತಾಯಿ ಕಾರ್ಡ್‌ನಲ್ಲಿ ಬರೆಸಿ. ಹೆರಿಗೆ ತವರಿನಲ್ಲಾದರೆ ಅಲ್ಲಿನ ಆಸ್ಪತ್ರೆಯಲ್ಲೂ ಹೇಳಿಡಿ. ನೋವು ತಿನ್ನುತ್ತಿರುವಾಗ ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನಲಾಗದು, ಅಲ್ವಾ? ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾದರೂ ಬೇಡ ಎನ್ನಬಹುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. 380ಎ ಎಂಬ ಬಗೆ 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ.

ಇಲ್ಲಿ ಸಮಯವೇ ಮುಖ್ಯ. ಮಾಸು ಬಿದ್ದ 10 ನಿಮಿಷದೊಳಗೆ ಹಾಕಿದರೆ ಒಳ್ಳೆಯದು. ಸಿಸೇರಿಯನ್ ಆದರೆ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಮೊದಲೇ ಇಡುತ್ತಾರೆ. ಆಗ ಆಗದಿದ್ದರೆ 48 ಗಂಟೆಯೊಳಗೆ. ಅದೂ ತಪ್ಪಿತೇ? ಆರು ವಾರ ಕಾಯಲೇಬೇಕು. ನೀರು ಹೋಗಿ 18 ಗಂಟೆ ದಾಟಿದ್ದರೆ, ಗರ್ಭಕೋಶದ ಸೋಂಕಿದ್ದರೆ ಅಥವಾ ರಕ್ತಸ್ರಾವ ಹತೋಟಿಗೆ ಬರದಿದ್ದರೆ ಆಗ ಹಾಕುವುದಿಲ್ಲ.

"ವಂಕಿ ಮೇಲೇರಿ ಎದೆಗೆ ಹೋಗುತ್ತದಂತೆ" ಎಂಬ ಮಾತಿದೆಯಲ್ಲ, ಅದು ಸುಮ್ನೆ ಭಯ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಎದೆಹಾಲಿಗೂ ತೊಂದರೆಯಿಲ್ಲ, ಇದರಲ್ಲಿ ಹಾರ್ಮೋನ್ ಇರುವುದಿಲ್ಲ.

ನಿಜವಾದ ತೊಂದರೆ ಬೇರೆ. ಹೆರಿಗೆಯಾದ ಕೂಡಲೇ ಹಾಕಿದ ವಂಕಿ ಜಾರಿ ಹೊರಬರುವ ಸಂಭವ, ತಿಂಗಳುಗಳ ನಂತರ ಹಾಕಿಸಿದ್ದಕ್ಕಿಂತ ಜಾಸ್ತಿ. ಬಾಣಂತಿಯ ಸ್ರಾವದ ನಡುವೆ ಅದು ಬಿದ್ದದ್ದೇ ಗೊತ್ತಾಗದೆ ಹೋಗಬಹುದು. ಅದಕ್ಕೇ ಆರನೇ ವಾರದ ತಪಾಸಣೆ ತಪ್ಪಿಸಬೇಡಿ. ಗರ್ಭಕೋಶ ಕುಗ್ಗಿದಂತೆ ವಂಕಿಯ ತುದಿಯಲ್ಲಿರುವ ದಾರ ಕೆಳಗೆ ಇಳಿಯುತ್ತದೆ. ಉದ್ದವಾದರೆ ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ. ನೀವು ಎಳೆಯಬೇಡಿ.

ಜ್ವರ, ವಾಸನೆಯ ಸ್ರಾವ, ತಡೆಯಲಾರದ ಹೊಟ್ಟೆನೋವು, ವಿಪರೀತ ರಕ್ತಸ್ರಾವ ಕಂಡರೆ ಆರು ವಾರ ಕಾಯದೆ ಅಂದೇ ಹೋಗಿ. ಮುಂದೆ ಇನ್ನೊಂದು ಮಗು ಬೇಕೆನಿಸಿದಾಗ ಆಸ್ಪತ್ರೆಯಲ್ಲೇ ತೆಗೆಸಿದರಾಯಿತು, 5 ಅಥವಾ 10 ವರ್ಷ ತುಂಬುವವರೆಗೆ ಇಟ್ಟುಕೊಳ್ಳಲೇಬೇಕೆಂದಿಲ್ಲ.