12 ಯೂನಿಟ್‌ನಿಂದ ಶುರು: ಕ್ಯಾಲಿಫೋರ್ನಿಯಾದಲ್ಲಿ ಪ್ರಿಸ್ಕೂಲ್ ಟೀಚರ್ ಆಗುವ ದಾರಿ

ಫ್ರೀಮಾಂಟ್, ಸನ್ನಿವೇಲ್ ಕಡೆ ಕನ್ನಡದವರ ಮನೆಯಲ್ಲಿ ಹಬ್ಬದ ಊಟ ಮುಗಿದು ಡಬ್ಬಿಗೆ ಪುಳಿಯೋಗರೆ ತುಂಬುವಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಊರಲ್ಲಿ ಬಿ.ಎಡ್. ಮಾಡಿದೀನಿ, ಆರು ವರ್ಷ ಪಾಠ ಹೇಳಿದೀನಿ. ಇಲ್ಲಿ ಪ್ರಿಸ್ಕೂಲಲ್ಲಿ ಕೆಲಸ ಸಿಗತ್ತಾ?"

ನಾನೂ ಒಂದು ಕಾಲದಲ್ಲಿ ಹಾಗೇ ಕೇಳಿದವಳು. ನಾನು ಹೋದ ಪ್ರಿಸ್ಕೂಲಿನವರು ನನ್ನ ಡಿಗ್ರಿ ಏನು, ಎಷ್ಟು ಮಾರ್ಕ್ಸ್ ಅಂತ ಏನೂ ಕೇಳಲಿಲ್ಲ. "ಇಸಿಇ ಯೂನಿಟ್ ಎಷ್ಟಿದೆ?" ಅಂದರು. ಇಸಿಇ ಅಂದರೆ ಅರ್ಲಿ ಚೈಲ್ಡ್‌ಹುಡ್ ಎಜುಕೇಶನ್, ಚಿಕ್ಕ ಮಕ್ಕಳ ಶಿಕ್ಷಣ. ಯೂನಿಟ್ ಅಂದರೆ ಕಾಲೇಜಲ್ಲಿ ಒಂದು ಕೋರ್ಸ್ ಮುಗಿಸಿದರೆ ಸಿಗುವ ಕ್ರೆಡಿಟ್. ಸೊನ್ನೆ ಅಂತ ಹೇಳಿ ಮನೆಗೆ ಬಂದೆ. ಆಮೇಲೆ ಗೊತ್ತಾಗಿದ್ದು, ಇಲ್ಲಿ ಈ ಕೆಲಸಕ್ಕೆ ಎಲ್ಲವೂ ಯೂನಿಟ್ ಲೆಕ್ಕ. ಆ ಯೂನಿಟ್ ಕಡಿಮೆ ಖರ್ಚಿನಲ್ಲಿ ಸಿಗುವ ಜಾಗ ಅಂದರೆ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು.

ಸಾಮಾನ್ಯವಾಗಿ ಒಂದು ಕೋರ್ಸಿಗೆ 3 ಯೂನಿಟ್. ಖಾಸಗಿ ಪ್ರಿಸ್ಕೂಲ್, ಡೇಕೇರ್ ಸೆಂಟರ್‌ಗಳಿಗೆ ಲೈಸೆನ್ಸ್ ಕೊಡುವ ನಿಯಮಕ್ಕೆ ಟೈಟಲ್ 22 ಅನ್ನುತ್ತಾರೆ. ಅದರ ಪ್ರಕಾರ ಪೂರ್ತಿ ಅರ್ಹತೆಯ ಟೀಚರ್‌ಗೆ 12 ಯೂನಿಟ್ ಬೇಕು, ಜೊತೆಗೆ ಆರು ತಿಂಗಳ ಅನುಭವ. ಆದರೆ 6 ಯೂನಿಟ್ ಮುಗಿಸಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಉಳಿದದ್ದನ್ನು ಸೆಮಿಸ್ಟರ್‌ಗೆ ಕಡೇಪಕ್ಷ 2 ಯೂನಿಟ್‌ನಂತೆ ಮುಗಿಸುತ್ತಾ ಹೋಗಬೇಕು. ಅಂದರೆ ಎರಡೇ ಕೋರ್ಸ್ ಮುಗಿದರೂ ಬಾಗಿಲು ತೆರೆಯುತ್ತದೆ. ಇದು ಗೊತ್ತಿಲ್ಲದೆ "ಎರಡು ವರ್ಷದ ಡಿಗ್ರಿ ಪೂರ್ತಿ ಮುಗೀಲಿ" ಅಂತ ಸುಮ್ನೆ ಕಾಯುವವರು ಜಾಸ್ತಿ.

ಮೊದಲು ತೆಗೆದುಕೊಳ್ಳಬೇಕಾದ ಕೋರ್ಸ್ ಮೂರು: ಮಗುವಿನ ಬೆಳವಣಿಗೆ (ಚೈಲ್ಡ್ ಗ್ರೋಥ್ ಅಂಡ್ ಡೆವಲಪ್‌ಮೆಂಟ್), ಮಗು-ಕುಟುಂಬ-ಸಮುದಾಯ (ಚೈಲ್ಡ್, ಫ್ಯಾಮಿಲಿ ಅಂಡ್ ಕಮ್ಯುನಿಟಿ), ಮತ್ತೆ ಕರಿಕ್ಯುಲಮ್. ನಾಲ್ಕನೆಯದು ನಿಮ್ಮ ಇಷ್ಟ. ಎರಡು ವರ್ಷದೊಳಗಿನ ಕೂಸುಗಳ ಕೋಣೆಯಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಆ ನಾಲ್ಕನೆಯದನ್ನು ಇನ್‌ಫೆಂಟ್ ಕೇರ್ ಕೋರ್ಸ್ ಮಾಡಿಕೊಳ್ಳಿ, ಅಲ್ಲಿ ಅದು ಕಡ್ಡಾಯ. ಗ್ರೇಡ್ ಸಿ ಅಥವಾ ಮೇಲೆ ಇರುವಂತೆ ನೋಡಿಕೊಳ್ಳಿ, ಮುಂದೆ ಹೇಳುವ ಪರ್ಮಿಟ್‌ಗೆ ಅದು ಬೇಕು.

ಈಗ ದುಡ್ಡಿನ ಮಾತು. ಕ್ಯಾಲಿಫೋರ್ನಿಯಾ ನಿವಾಸಿಗೆ ಯೂನಿಟ್‌ಗೆ 46 ಡಾಲರ್. 12 ಯೂನಿಟ್‌ಗೆ 552 ಡಾಲರ್, ಮೇಲೆ ಹೆಲ್ತ್ ಫೀ, ಪಾರ್ಕಿಂಗ್, ಪುಸ್ತಕ. ನಿವಾಸಿ ಅಲ್ಲ ಅಂತಾದರೆ ಹೆಚ್ಚಿನ ಕಾಲೇಜುಗಳಲ್ಲಿ ಯೂನಿಟ್‌ಗೆ 300 ಡಾಲರ್ ದಾಟುತ್ತದೆ. ಹಾಗಾಗಿ ನಿವಾಸಿ ಅನ್ನಿಸಿಕೊಳ್ಳುವುದು ಮುಖ್ಯ. ಎಚ್-1ಬಿ, ಎಲ್-1 ಕೆಲಸದ ವೀಸಾದವರು, ಅವರ ಜೊತೆ ಬಂದ ಎಚ್-4, ಎಲ್-2 ವೀಸಾದ ಮನೆಯವರು ಇಲ್ಲಿ ಒಂದು ವರ್ಷ ಒಂದು ದಿನ ಇದ್ದರೆ, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ಆ ದರ ಸಿಗುತ್ತದೆ. ಎಫ್-1 (ವಿದ್ಯಾರ್ಥಿ), ಬಿ (ಪ್ರವಾಸಿ) ವೀಸಾದವರಿಗೆ ಇಲ್ಲ. ಡ್ರೈವಿಂಗ್ ಲೈಸೆನ್ಸ್, ರಾಜ್ಯದ ಟ್ಯಾಕ್ಸ್ ಫೈಲಿಂಗ್, ಮನೆ ಬಾಡಿಗೆ ಕರಾರು ಎಲ್ಲ ಗಂಡನ ಹೆಸರಲ್ಲೇ ಇದ್ದರೆ ಕಷ್ಟ. ಬಂದ ತಿಂಗಳೇ ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಸೇರಿಸಿಕೊಳ್ಳಿ. ನಾನು ಸೇರಿಸಿಕೊಂಡಿರಲಿಲ್ಲ, ಒಂದು ಸೆಮಿಸ್ಟರ್ ಹೋಯಿತು.

ಎಚ್-4ನಲ್ಲಿ ಓದೋಕೆ ವೀಸಾ ಬದಲಾಯಿಸಬೇಕಿಲ್ಲ. ಆದರೆ ಓದುವುದು ಬೇರೆ, ದುಡಿಯುವುದು ಬೇರೆ. ಎಚ್-4ನವರಿಗೆ ಕೆಲಸಕ್ಕೆ ಇಎಡಿ ಕಾರ್ಡ್, ಅಂದರೆ ಕೆಲಸದ ಪರವಾನಗಿ, ಬೇಕು. ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದು. ಈ ಸೌಲಭ್ಯ ಬಂದದ್ದು 2015ರಲ್ಲಿ. ಎಲ್-2 ಪತಿ-ಪತ್ನಿಯರಿಗೆ ಐ-94ನಲ್ಲಿ (ಅಮೆರಿಕಕ್ಕೆ ಬಂದಾಗ ಆಗುವ ದಾಖಲೆ) ಎಲ್-2ಎಸ್ ಅಂತಿದ್ದರೆ ಪ್ರತ್ಯೇಕ ಕಾರ್ಡ್ ಬೇಡ. ಕಾರ್ಡ್ ಇಲ್ಲದೆ "ವಾಲಂಟಿಯರ್ ಆಗಿ ಬನ್ನಿ, ಆಮೇಲೆ ನೋಡೋಣ" ಅಂತ ಯಾರಾದರೂ ಡೇಕೇರ್‌ಗೆ ಕರೆದರೆ ತಕ್ಷಣ ಹೂಂ ಅನ್ನಬೇಡಿ. ಬೇರೆಯವರಿಗೆ ಸಂಬಳ ಕೊಡುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ವೀಸಾಗೆ ತೊಂದರೆಯಾಗಬಹುದು. ವಕೀಲರನ್ನು ಒಂದು ಮಾತು ಕೇಳಿ. ನನ್ನ ಮಟ್ಟಿಗೆ, ಕಾರ್ಡಿಗೆ ಕಾಯುವ ವರ್ಷಗಳೇ ಯೂನಿಟ್ ಕೂಡಿಹಾಕೋಕೆ ಸರಿಯಾದ ಸಮಯ.

ಕ್ಲಾಸು ಹೇಗಿರುತ್ತದೆ? ನಮ್ಮ ಎಲ್‌ಕೆಜಿ, ಯುಕೆಜಿ ತಲೆಯಲ್ಲಿ ಇಟ್ಟುಕೊಂಡು ಹೋದರೆ ಮೊದಲ ತಿಂಗಳು ತಬ್ಬಿಬ್ಬು. ಅಬ್ಸರ್ವೇಶನ್ ಅನ್ನೋ ಹೋಮ್‌ವರ್ಕ್ ಇರುತ್ತದೆ. ಕಾಲೇಜಿನದೇ ಮಕ್ಕಳ ಸೆಂಟರ್‌ನಲ್ಲಿ ಮೂಲೆಯಲ್ಲಿ ಕೂತು, ಒಂದು ಮಗುವನ್ನು ನೋಡಿ, ಕಂಡಿದ್ದನ್ನು ಬರೆಯಬೇಕು. ನಾನು ಬರೆದೆ: "ಹುಡುಗ ಸಿಟ್ಟಿನಿಂದ ಬ್ಲಾಕ್ ಎಸೆದ. ಹಟಮಾರಿ." ಪ್ರೊಫೆಸರ್ ಎರಡು ಪದಕ್ಕೆ ಗೆರೆ ಎಳೆದು ವಾಪಸ್ ಕೊಟ್ಟರು: ಸಿಟ್ಟು, ಹಟಮಾರಿ. ಪಕ್ಕದಲ್ಲಿ ಒಂದು ಪ್ರಶ್ನೆ, "ಕಣ್ಣಿಗೆ ಕಂಡಿದ್ದು ಏನು?" ಮರುವಾರ ಮತ್ತೆ ಹೋದೆ. ಈ ಸಲ ಬರೆದಿದ್ದು: ಎರಡು ಬ್ಲಾಕ್ ಮೇಲೆ ಮೂರನೆಯದನ್ನು ಇಟ್ಟ. ಬಿತ್ತು. ಮತ್ತೆ ಇಟ್ಟ. ಬಿತ್ತು. ಹುಬ್ಬು ಗಂಟಿಕ್ಕಿತು. ಬ್ಲಾಕನ್ನು ಎಡಕ್ಕೆ ಎಸೆದ, ಟೀಚರ್ ಕಡೆ ನೋಡಿದ. ಅಷ್ಟು ಬರೆದ ಮೇಲೆ ಹಟ ಎಲ್ಲಿತ್ತು ಅಂತ ನನಗೇ ಕಾಣಲಿಲ್ಲ. ಆರು ವರ್ಷ ಪಾಠ ಹೇಳಿದ ನಾನು ಒಂದು ಮಗುವನ್ನೂ ಇಷ್ಟು ಹೊತ್ತು ನೋಡಿರಲಿಲ್ಲ. 45 ಮಕ್ಕಳ ಕ್ಲಾಸಲ್ಲಿ ಅದು ಆಗುತ್ತಲೂ ಇರಲಿಲ್ಲ ಬಿಡಿ. ಇಲ್ಲಿ ಲೈಸೆನ್ಸ್ ನಿಯಮದಲ್ಲಿ ಪ್ರಿಸ್ಕೂಲ್ ಮಕ್ಕಳು 12 ಜನಕ್ಕೆ ಒಬ್ಬ ಟೀಚರ್, ಕೂಸುಗಳಾದರೆ 4ಕ್ಕೆ ಒಬ್ಬರು.

ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಬರವಣಿಗೆ ಜಾಸ್ತಿ ಇರುತ್ತದೆ ನಿಜ. ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಕೂರಿಸಿಕೊಂಡು ತಿದ್ದಿಸುತ್ತಾರೆ, ದುಡ್ಡಿಲ್ಲ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ಬಗ್ಗೆ ಪಾಠ ಬಂದಾಗ ಕನ್ನಡ, ತೆಲುಗು ಗೊತ್ತಿರುವ ನಿಮ್ಮ ಮಾತಿಗೆ ಕ್ಲಾಸಲ್ಲಿ ಬೆಲೆ ಇರುತ್ತದೆ.

12 ಯೂನಿಟ್ ಆದಮೇಲೆ ಪರ್ಮಿಟ್ ವಿಷಯ, ಅಂದರೆ ಚಿಕ್ಕ ಮಕ್ಕಳಿಗೆ ಕಲಿಸೋಕೆ ರಾಜ್ಯ ಕೊಡುವ ಪ್ರಮಾಣಪತ್ರ. ಖಾಸಗಿ ಸೆಂಟರ್‌ಗೆ ಲೈಸೆನ್ಸ್ ನಿಯಮದಲ್ಲಿ ಅದು ಬೇಡ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸ್ಟೇಟ್ ಪ್ರಿಸ್ಕೂಲ್‌ಗೆ ಬೇಕು. ಕೊಡುವುದು ಸಿಟಿಸಿ ಅನ್ನುವ, ಟೀಚರ್‌ಗಳ ಅರ್ಹತೆ ನೋಡುವ ರಾಜ್ಯದ ಕಮಿಷನ್. ಮೆಟ್ಟಿಲು ಮೆಟ್ಟಿಲಾಗಿ ಇದೆ. 12 ಯೂನಿಟ್ ಜೊತೆಗೆ ದಿನಕ್ಕೆ ಕಡೇಪಕ್ಷ 3 ಗಂಟೆಯಂತೆ 50 ದಿನ ಕೆಲಸ ಮಾಡಿದ್ದರೆ ಅಸೋಸಿಯೇಟ್ ಟೀಚರ್. 24 ಯೂನಿಟ್, ಜೊತೆಗೆ ಇಂಗ್ಲಿಷ್, ಗಣಿತ ಅಥವಾ ವಿಜ್ಞಾನ, ಸಮಾಜ, ಕಲೆ ಹೀಗೆ 16 ಯೂನಿಟ್ ಸಾಮಾನ್ಯ ವಿಷಯ, ಮತ್ತೆ 175 ದಿನದ ಅನುಭವ ಇದ್ದರೆ ಟೀಚರ್.

ಊರಿನ ಡಿಗ್ರಿ ಕೆಲಸಕ್ಕೆ ಬರುವುದು ಇಲ್ಲಿಯೇ. ಸಿಟಿಸಿ ಒಪ್ಪಿದ ಸಂಸ್ಥೆಯಿಂದ ಕೋರ್ಸ್-ಬೈ-ಕೋರ್ಸ್ ಇವ್ಯಾಲ್ಯುಯೇಶನ್ (ಊರಲ್ಲಿ ಓದಿದ ಒಂದೊಂದು ವಿಷಯ ಇಲ್ಲಿನ ಎಷ್ಟು ಯೂನಿಟ್‌ಗೆ ಸಮ ಅನ್ನುವ ವರದಿ) ಮಾಡಿಸಿದರೆ ಆ 16 ಯೂನಿಟ್ ಮತ್ತೆ ಓದುವ ಕಷ್ಟ ಬಹುತೇಕ ತಪ್ಪುತ್ತದೆ. ಮೂರು ವರ್ಷದ ಬಿ.ಎ., ಬಿ.ಎಸ್ಸಿ.ಯನ್ನು ಒಂದೊಂದು ಸಂಸ್ಥೆ ಒಂದೊಂದು ರೀತಿ ನೋಡುತ್ತದೆ, ದುಡ್ಡು ಕಟ್ಟುವ ಮುಂಚೆಯೇ ಕೇಳಿ. ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್‌ಗೆ ಊರಲ್ಲಿ ಯಾರಾದರೂ ಓಡಾಡಬೇಕಾಗುತ್ತದೆ. ನನ್ನ ತಮ್ಮ ಮೂರು ಸಲ ಬಸ್ ಹತ್ತಿದ. ಮೊದಲ ಸಲ ಕ್ಲರ್ಕ್ ರಜೆ, ಎರಡನೇ ಸಲ ಚಲನ್ ತಪ್ಪು. ರಜೆಗೆ ಊರಿಗೆ ಹೋದಾಗ ನೀವೇ ಮಾಡಿಸಿಕೊಂಡು ಬನ್ನಿ.

ಕೆಲಸಕ್ಕೆ ಸೇರುವಾಗ ಬೇರೆ ಕಾಗದಗಳೂ ಇವೆ. ಲೈವ್ ಸ್ಕ್ಯಾನ್ ಅಂತ ಬೆರಳಚ್ಚು, ಟಿಬಿ ಪರೀಕ್ಷೆ, ದಡಾರ ಮತ್ತು ನಾಯಿಕೆಮ್ಮಿನ ಲಸಿಕೆ ಹಾಕಿಸಿದ ದಾಖಲೆ. ಚಿಕ್ಕಂದಿನ ಲಸಿಕೆ ಚೀಟಿ ಯಾರ ಹತ್ತಿರ ಇರುತ್ತದೆ ಹೇಳಿ? ರಕ್ತ ಪರೀಕ್ಷೆ ಮಾಡಿಸಿದರೂ ದಡಾರಕ್ಕೆ ನಡೆಯುತ್ತದೆ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಟಿಕೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ಅನ್ನೋ ತರಗತಿ ಇದೆ, 2025-26ರಿಂದ ಎಲ್ಲ ಮಕ್ಕಳಿಗೂ. ಅಲ್ಲಿ ಮುಖ್ಯ ಟೀಚರ್ ಆಗೋಕೆ ಈ ಪರ್ಮಿಟ್ ಸಾಲದು. ಬ್ಯಾಚುಲರ್ ಡಿಗ್ರಿ ಮತ್ತು ಟೀಚಿಂಗ್ ಕ್ರೆಡೆನ್ಶಿಯಲ್, ಅಂದರೆ ಶಾಲಾ ಟೀಚರ್ ಲೈಸೆನ್ಸ್, ಬೇಕು.

ಸೇರುವುದು ಸುಲಭ. ಸಿಸಿಸಿ ಅಪ್ಲೈ ಅನ್ನುವ ಸೈಟಿನಲ್ಲಿ ಅರ್ಜಿ, ದುಡ್ಡಿಲ್ಲ, ಎಂಟ್ರೆನ್ಸ್ ಪರೀಕ್ಷೆ ಇಲ್ಲ. ಫ್ರೀಮಾಂಟ್‌ನ ಓಲೋನಿ, ಸಾಂತಾ ಕ್ಲಾರಾದ ಮಿಷನ್, ಕ್ಯುಪರ್ಟಿನೋದ ಡಿ ಆಂಜಾ ಈ ಸುತ್ತಿನವು. ಡಿ ಆಂಜಾದಲ್ಲಿ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ, ಅಲ್ಲಿನ 18 ಯೂನಿಟ್ ಅಂದರೆ ಸೆಮಿಸ್ಟರ್ ಲೆಕ್ಕದ 12, ಮರೆಯಬೇಡಿ. ಹೊಸಬರಿಗೆ ರಿಜಿಸ್ಟ್ರೇಶನ್ ದಿನಾಂಕ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಸಂಜೆಯ ಮತ್ತು ಆನ್‌ಲೈನ್ ಕ್ಲಾಸ್ ತುಂಬಿರುತ್ತವೆ. ವೇಯ್ಟ್‌ಲಿಸ್ಟ್‌ಗೆ ಹೆಸರು ಹಾಕಿ. ಸೀಟಿಲ್ಲ ಅಂತ ಮನೆಯಲ್ಲಿ ಕೂರಬೇಡಿ, ಮೊದಲ ದಿನ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತು, ಕೊನೆಯಲ್ಲಿ ಪ್ರೊಫೆಸರ್ ಹತ್ತಿರ ಆಡ್ ಕೋಡ್ (ತುಂಬಿದ ಕ್ಲಾಸಿಗೆ ಸೇರಿಸಿಕೊಳ್ಳುವ ಸಂಖ್ಯೆ) ಕೇಳಿ. ಆವತ್ತು ಹೆಸರು ಕೊಟ್ಟ ಒಂದಿಬ್ಬರು ಬಂದಿರುವುದಿಲ್ಲ. ನನ್ನ ಮೊದಲ 3 ಯೂನಿಟ್ ಸಿಕ್ಕಿದ್ದು ಹಾಗೆ.