ಮಲೆನಾಡಿನ ಮಳೆಗಾಲಕ್ಕೆ ತಡೆಯುವ ಲೇಸರ್ ಪೆಟ್ಟಿಗೆ

ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ (ಬಣ್ಣ ಹಿಡಿದ ಮಾದರಿಯನ್ನು ಬೆಳಕಿನಿಂದ ಹೊಳೆಯಿಸಿ ನೋಡುವುದು) ಬೇಕಾದ ಲೇಸರ್ ಪೆಟ್ಟಿಗೆಯನ್ನು ಲ್ಯಾಬಿನಲ್ಲೇ ಕಟ್ಟಿಕೊಳ್ಳಲು ಮುಕ್ತ ನಕ್ಷೆಗಳಿಗೆ ಕೊರತೆಯಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಇಎಂಬಿಎಲ್‌ನಿಂದ 2020ರಲ್ಲಿ ಹೊರಬಂದ ಲೇಸರ್‌ಎಂಜಿನ್ ಅದರಲ್ಲೊಂದು. ಶಿವಮೊಗ್ಗದಲ್ಲಿ ಕಷ್ಟ ಬರುವುದು ತೇವದಿಂದ, ಮತ್ತೆ ಹೋಗಿ ಬರುವ ಕರೆಂಟಿನಿಂದ. ನಮ್ಮ ಪೆಟ್ಟಿಗೆ ಇವೆರಡನ್ನು ಲೆಕ್ಕಕ್ಕಿಟ್ಟು ಕಟ್ಟಿದ್ದು.

ನೋಡಬೇಕಾಗಿದ್ದು ಅಡಿಕೆಗೆ ಕೊಳೆರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟಾಫ್ತೊರಾ. ಅದರ ಕೋಶಗೋಡೆಗೆ ಅಂಟಿ ಹೊಳೆಯುವ ಕ್ಯಾಲ್ಕೋಫ್ಲೋರ್ ವೈಟ್ ಬಣ್ಣ ಹಾಕಿದರೆ 405 ನ್ಯಾನೋಮೀಟರ್ (ನೇರಳೆ ಬೆಳಕಿನ) ಲೇಸರ್ ಡಯೋಡ್ ಒಂದೇ ಸಾಕು. ಅಡಿಕೆ ಸಿಪ್ಪೆಯ ಸೆಲ್ಯುಲೋಸ್ ಕೂಡ ಅದೇ ಬಣ್ಣ ಹಿಡಿದು ಹೊಳೆಯುತ್ತದೆ, ಹಾಗಾಗಿ ಲ್ಯಾಬಿನಲ್ಲಿ ಬೆಳೆಸಿದ ಕಲ್ಚರ್‌ನಿಂದ ತೆಗೆದ ಎಳೆಗಳನ್ನೇ ಸ್ಲೈಡಿಗೆ ಹಾಕುತ್ತೇವೆ.

ಡಯೋಡಿಗೆ ಕರೆಂಟ್ ಕೊಡುವ ಡ್ರೈವರ್‌ಗೆ ಎಲ್‌ಎಂ317 ರೆಗ್ಯುಲೇಟರ್ ಚಿಪ್, ಸ್ಥಿರ ಪ್ರವಾಹದ ಜೋಡಣೆಯಲ್ಲಿ. 1.25 ವೋಲ್ಟನ್ನು ರೆಸಿಸ್ಟರ್‌ನಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ: 12 ಓಮ್‌ಗೆ ಸುಮಾರು 104 ಮಿಲಿಆಂಪ್. ನಿಮ್ಮ ಡಯೋಡಿನ ಡೇಟಾಶೀಟಿನ ಗರಿಷ್ಠ ಮಿತಿ ನೋಡದೆ ಈ ಅಂಕಿ ಎತ್ತಿಕೊಳ್ಳಬೇಡಿ. ಡಯೋಡಿಗೇ ಸುಮಾರು 5 ವೋಲ್ಟ್ ಬೇಕಾದ್ದರಿಂದ 12 ವೋಲ್ಟ್ ಸಪ್ಲೈ ಕೊಡಿ.

ಆನ್-ಆಫ್ ಮಾಡಲು ಡಯೋಡಿಗೆ ಸಮಾನಾಂತರವಾಗಿ 2ಎನ್7000 ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್); ಅದು ಆನ್ ಆದಾಗ ಪ್ರವಾಹ ಡಯೋಡನ್ನು ಬಿಟ್ಟು ಅದರ ಮೂಲಕವೇ ಹರಿದು ಲೇಸರ್ ಆರುತ್ತದೆ. ಅದರ ಗೇಟನ್ನು 10 ಕಿಲೋಓಮ್ ಮೂಲಕ 12 ವೋಲ್ಟ್‌ಗೆ ಕಟ್ಟಿ. ನಿಯಂತ್ರಣಕ್ಕಿಟ್ಟ ಪುಟ್ಟ ಬೋರ್ಡ್ ಆರ್ಡುಯಿನೋದ ಪಿನ್ನಿನಿಂದ 4.7 ಕಿಲೋಓಮ್ ದಾಟಿ ಬಿಸಿ547 ಟ್ರಾನ್ಸಿಸ್ಟರ್‌ನ ಬೇಸ್‌ಗೆ, ಬೇಸ್‌ನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋಓಮ್. ಬಿಸಿ547 ಗೇಟನ್ನು ಕೆಳಗೆಳೆದಾಗ ಮಾತ್ರ ಲೇಸರ್ ಹೊತ್ತುತ್ತದೆ. ಆರ್ಡುಯಿನೋ ರೀಸೆಟ್ ಆಗಲಿ, ಯುಎಸ್‌ಬಿ ಕೇಬಲ್ ಕಿತ್ತು ಬರಲಿ, ಲೇಸರ್ ಆರಿಯೇ ಇರುತ್ತದೆ. ಪಿನ್ನನ್ನು ನೇರವಾಗಿ ಗೇಟಿಗೆ ಕೊಟ್ಟರೆ ಇದು ತಲೆಕೆಳಗಾಗುತ್ತದೆ. ಒಂದು ಮಾತು: ಲೇಸರ್ ಆರಿದ್ದಾಗಲೇ ಎಲ್‌ಎಂ317 ಹೆಚ್ಚು ಬಿಸಿಯಾಗುವುದು, ಸುಮಾರು 1 ವ್ಯಾಟ್. ಹೀಟ್‌ಸಿಂಕ್ ಬಿಡಬೇಡಿ.

ಈಗ ತೇವ. ಡಯೋಡನ್ನು 20 ಡಿಗ್ರಿಗೆ ತಣಿಸುವ ರೂಢಿ ಇಲ್ಲಿ ಕೆಡುಕು. ಕೋಣೆ 25 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ 23 ಡಿಗ್ರಿಗೆಲ್ಲ ಇಬ್ಬನಿ ಕಟ್ಟುತ್ತದೆ. ಡಯೋಡಿನ ಲೋಹದ ಕ್ಯಾನ್ ಮುಚ್ಚಿದ್ದರೂ ಹೊರಗಿನ ಗಾಜು, ಕಿರಣವನ್ನು ಸಮಾನಾಂತರ ಮಾಡುವ ಕಾಲಿಮೇಟರ್ ಲೆನ್ಸ್ ಬೆವರುತ್ತವೆ. ಕಿರಣ ಚದುರಿ, ಮೈಕ್ರೋಸ್ಕೋಪಿಗೆ ಬೆಳಕು ಒಯ್ಯುವ ಫೈಬರ್‌ಗೆ ಹೋಗುವ ಬೆಳಕು ಕುಸಿಯುತ್ತದೆ. ಹಾಗೇ ಬಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿದು ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿ ಪ್ರಯೋಜನವಿಲ್ಲ. ನಾವು ವರ್ಷವಿಡೀ 28 ಡಿಗ್ರಿಗೇ ಇಟ್ಟಿದ್ದೇವೆ. ಬೇಸಿಗೆಯಲ್ಲಿ ಪೆಲ್ಟಿಯರ್ (ಕರೆಂಟಿನ ದಿಕ್ಕಿಗೆ ತಕ್ಕಂತೆ ತಣಿಸುವ ಇಲ್ಲವೇ ಕಾಯಿಸುವ ಬಿಲ್ಲೆ) ತಣಿಸುತ್ತದೆ, ಆಷಾಢದಲ್ಲಿ ಕಾಯಿಸುತ್ತದೆ. ಅದಕ್ಕಾಗಿ ಎರಡೂ ದಿಕ್ಕಿನಲ್ಲಿ ಕರೆಂಟ್ ಹರಿಸಬಲ್ಲ ಎಚ್-ಬ್ರಿಡ್ಜ್ ಕಂಟ್ರೋಲರ್ ಬೇಕು. ತಣಿಸುವುದಷ್ಟೇ ಗೊತ್ತಿರುವ ಅಗ್ಗದ ಥರ್ಮೋಸ್ಟಾಟ್ ಸಾಲದು. ಪೆಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್, ಒಳಗೆ ಸಿಲಿಕಾ ಜೆಲ್ ಚೀಲ. ಜೆಲ್ ಬಣ್ಣ ತಿರುಗಿದ ಕೂಡಲೇ ಓವನ್‌ನಲ್ಲಿ 110 ಡಿಗ್ರಿ ಸುಮಾರಿಗೆ ಒಣಗಿಸಿ ಮತ್ತೆ ಇಡಿ.

ಬೆಳಕು ಹೋಗುವುದು 200 ಮೈಕ್ರಾನ್ ಕೋರ್‌ನ ಮಲ್ಟಿಮೋಡ್ ಫೈಬರ್‌ನಲ್ಲಿ. ಹಾಗೇ ಬಿಟ್ಟರೆ ಚಿತ್ರದ ತುಂಬ ಸ್ಪೆಕಲ್ ಎಂಬ ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಫೈಬರ್ ಸುರುಳಿಗೆ ಮೊಬೈಲ್‌ನ ವೈಬ್ರೇಟರ್ ಮೋಟಾರ್ ಅಂಟಿಸಿ, ಎಕ್ಸ್‌ಪೋಷರನ್ನು 50 ಮಿಲಿಸೆಕೆಂಡಿಗಿಂತ ಕಡಿಮೆ ಮಾಡಬೇಡಿ. ಮೋಟಾರಿನ ಕೆಲವು ಸುತ್ತಾದರೂ ಒಂದು ಫ್ರೇಮಿನೊಳಗೆ ಬಂದರೇ ಕಾಳು ಅಳಿಸುವುದು. ಮೋಟಾರ್ ಇರುವ ಹಲಗೆ ಮೈಕ್ರೋಸ್ಕೋಪ್ ಮೇಜಿಗೆ ತಾಗದಿರಲಿ.

ಗುಡುಗು-ಮಳೆಯ ಸಂಜೆ ಕರೆಂಟ್ ಹೋಗಿ ಬಂದಾಗ ಲೇಸರ್ ತಾನಾಗಿ ಹೊತ್ತಕೂಡದು. 12 ವೋಲ್ಟ್ ಲೈನನ್ನು, ಪುಶ್ ಬಟನ್ ಒತ್ತಿದರಷ್ಟೇ ಹಿಡಿದುಕೊಳ್ಳುವ ರಿಲೇ ಮೂಲಕ ಕೊಡಿ. ಮುಚ್ಚಳದ ಮೈಕ್ರೋಸ್ವಿಚ್ ಅದರ ಸರಣಿಯಲ್ಲಿರಲಿ.

ಕಿರಣ ಜೋಡಿಸುವಾಗ 405ಕ್ಕೆ ಹೊಂದುವ ಲೇಸರ್ ಕನ್ನಡಕ ಕಡ್ಡಾಯ. 12 ಓಮ್ ಜಾಗಕ್ಕೆ 33 ಓಮ್ ಹಾಕಿಕೊಳ್ಳಿ, ಪ್ರವಾಹ 38 ಮಿಲಿಆಂಪ್‌ಗೆ ಇಳಿಯುತ್ತದೆ. ಬಿಳಿ ಪ್ರಿಂಟರ್ ಕಾಗದ ಈ ಬೆಳಕಿಗೆ ತಾನೇ ನೀಲಿಯಾಗಿ ಹೊಳೆಯುವುದರಿಂದ ಕಿರಣ ಹುಡುಕಲು ಸುಲಭ. ಆ ಹೊಳಪು ನೋಡಿ ಶಕ್ತಿ ಅಂದಾಜು ಮಾಡಬೇಡಿ, ಪವರ್ ಮೀಟರ್ ಹಿಡಿಯಿರಿ: 405 ನಮ್ಮ ಕಣ್ಣಿಗೆ ಮಂಕಾಗಿ ಕಂಡರೂ ಅಪಾಯದಲ್ಲಿ ಮಂಕಲ್ಲ.